ಬಣ್ಣದಣ್ಣನ ಮಗಳು ಕೂಡು ತರಗತಿಗೆ ಸೇರಿದ್ದು

ನಿಮ್ಮ ಬೀದಿಯಲ್ಲೂ ಇಂಥ ಮಗು ಒಂದು ಇದ್ದೇ ಇರುತ್ತದೆ. ಶಾಲೆಯಲ್ಲಿ ಇದ್ದಷ್ಟು ದಿನ ಮೊದಲ ಬೆಂಚು. ಮನೆಗೆ ಬಂದವರ ಮುಂದೆಲ್ಲ ಅಪ್ಪ ಅಮ್ಮ ಅಂಕಪಟ್ಟಿ ತೋರಿಸಿದ್ದೇ ತೋರಿಸಿದ್ದು. ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡ ಮೂರೇ ತಿಂಗಳಿಗೆ ಅದೇ ಮಗು ಊಟದ ತಟ್ಟೆಯ ಮುಂದೆ ತಲೆ ಬಗ್ಗಿಸಿ ಕೂರುತ್ತದೆ. ಏನಾಯಿತು ಅಂದರೆ "ಏನಿಲ್ಲ" ಅನ್ನುತ್ತದೆ. ಮನೆಯವರು ಮೊದಲು ಮೊಬೈಲನ್ನು ಬೈಯುತ್ತಾರೆ, ಆಮೇಲೆ ಗೆಳತಿಯರನ್ನು ಬೈಯುತ್ತಾರೆ, ಕೊನೆಗೆ ಮಗುವಿನ ತಲೆಯನ್ನೇ ಬೈಯುತ್ತಾರೆ.

ನಾನು ಇದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಕಾಲೇಜಿನ ಲ್ಯಾಬ್‌ನಲ್ಲಿ ಗಾಜಿನ ಸಾಮಾನು ತೊಳೆದು, ಒರೆಸಿ, ಜೋಡಿಸಿಡುವುದು ನನ್ನ ಕೆಲಸ. ಬೀದಿಯವರು ನನ್ನನ್ನು ಲ್ಯಾಬಕ್ಕ ಅನ್ನುತ್ತಾರೆ. ವರ್ಷದ ಆರಂಭದಲ್ಲಿ ಮೊದಲ ವರ್ಷದವರಿಗೆಂದು ಅರವತ್ತು ಬೀಕರ್ ತೊಳೆದಿಡುತ್ತೇನೆ. ಎರಡನೇ ಪರೀಕ್ಷೆ ಮುಗಿಯುವ ಹೊತ್ತಿಗೆ ನಲವತ್ತು ಸಾಕಾಗುತ್ತವೆ. ಉಳಿದ ಇಪ್ಪತ್ತು ಮಕ್ಕಳು ಎಲ್ಲಿ ಹೋದರು ಅಂತ ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನನ್ನ ಬಾಯಿಗೇನು ಬೀಗ ಹಾಕಿಲ್ಲ.

ಈ ಸಲ ಆ ಇಪ್ಪತ್ತರಲ್ಲಿ ನಮ್ಮ ಗಿಣಿಯೂ ಸೇರುವುದರಲ್ಲಿದ್ದಳು.

ಗಿಣಿ ಅನ್ನುವುದು ನಾನಿಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ಒಮ್ಮೆ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯ ಬಣ್ಣದಣ್ಣನ ಮಗಳು. ಬಣ್ಣದಣ್ಣ ಉಣ್ಣೆಯ ನೂಲಿಗೆ ಬಣ್ಣ ಹಾಕುವವನು. ಮನೆಯ ಹಿಂದೆಯೇ ನಾಲ್ಕು ತೊಟ್ಟಿ, ನಾಲ್ಕು ಒಲೆ, ಒಣಗಿಸಲು ಸಾಲಾಗಿ ಕಟ್ಟಿದ ತಂತಿ. ಅವನ ಹೆಂಡತಿ, ನನಗೆ ಅತ್ತಿಗೆ, ನೂಲು ಸುತ್ತುತ್ತಾಳೆ. ಗಿಣಿಗೆ ಮೊದಲಿನಿಂದಲೂ ಒಂದೇ ಆಸೆ, ಔಷಧ ತಯಾರಿಸುವ ಓದು ಓದಬೇಕು. ಬೇರೆ ಮಕ್ಕಳು ಮಿಠಾಯಿ ಕಾಗದ ಕೂಡಿಟ್ಟರೆ ಇವಳು ಖಾಲಿಯಾದ ಮಾತ್ರೆ ಹಾಳೆ ಕೂಡಿಟ್ಟು, ಹಿಂದೆ ಬರೆದಿದ್ದನ್ನು ಎದುರು ಸಿಕ್ಕವರಿಗೆಲ್ಲ ಓದಿ ಹೇಳುತ್ತಿದ್ದಳು. ಆ ಓದಿಗೆ ಹೋಗಬೇಕಾದರೆ ಮೊದಲ ವರ್ಷದ ಕೆಮಿಸ್ಟ್ರಿ, ಬಯಾಲಜಿ, ಗಣಿತ ಮೂರೂ ದಾಟಬೇಕು.

ಬುಧವಾರ ಮಧ್ಯಾಹ್ನ ನಾನು ಲ್ಯಾಬಿನ ಹಿಂದಿನ ನಲ್ಲಿಯ ಹತ್ತಿರ ಫ್ಲಾಸ್ಕ್ ತೊಳೆಯುತ್ತಿದ್ದೆ. ಗಿಣಿ ಬಂದು ನಿಂತಳು.

"ಅತ್ತೆ, ವಿಜ್ಞಾನ ಬಿಡೋ ಅರ್ಜೀನ ಆಫೀಸಲ್ಲಿ ಯಾವ ಕಿಟಕೀಲಿ ತಗೋತಾರೆ?"

"ಯಾರು ಬಿಡ್ತಿರೋದು?"

"ನಾನೇ."

ಫ್ಲಾಸ್ಕನ್ನು ಪಕ್ಕಕ್ಕಿಟ್ಟು, ಅವಳ ಅಂಕಪಟ್ಟಿ ಇಸಿದುಕೊಂಡು ನೋಡಿದೆ. ಐವತ್ತಕ್ಕೆ ಗಣಿತ ನಲವತ್ತೊಂದು. ಬಯಾಲಜಿ ಹತ್ತೊಂಬತ್ತು. ಕೆಮಿಸ್ಟ್ರಿ ಹನ್ನೊಂದು.

"ಗಣಿತದಲ್ಲಿ ನಲವತ್ತೊಂದು ತಗೊಂಡೋಳಿಗೆ ಕೆಮಿಸ್ಟ್ರೀಲಿ ಹನ್ನೊಂದಾ? ಅದರಲ್ಲೂ ಲೆಕ್ಕಾನೇ ಅಲ್ವೇನೇ ಇರೋದು?"

"ಅದು ಬೇರೆ ಲೆಕ್ಕ ಅತ್ತೆ. ಇದು ಬೇರೆ ಲೆಕ್ಕ." ಅವಳ ಕಣ್ಣು ತುಂಬಿತು. "ನಂಗೆ ತಲೆಗೆ ಹತ್ತಲ್ಲ, ಬಿಡಿ."

ಅವಳ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಬಿಡುವ ಅರ್ಜಿ. ಇನ್ನೊಂದು ಕೆಮಿಸ್ಟ್ರಿ ಮೇಡಂ ಎಲ್ಲ ಮಕ್ಕಳಿಗೂ ಹಂಚಿದ್ದು, ಕೂಡು ತರಗತಿಯ ಅರ್ಜಿ. ಮೂವತ್ತೇ ಜಾಗ, ಪೋಷಕರ ಸಹಿ ಬೇಕು, ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಡಬೇಕು ಎಂದು ಬರೆದಿತ್ತು. ಆ ತರಗತಿಯ ವಿಷಯ ನನಗೆ ಗೊತ್ತಿತ್ತು. ಕೆಮಿಸ್ಟ್ರಿ, ಬಯಾಲಜಿ, ಗಣಿತದ ಮೂವರು ಮೇಷ್ಟರುಗಳು ನಮ್ಮ ಲ್ಯಾಬಿನಲ್ಲೇ ಕೂತು ಅದನ್ನು ಯೋಚಿಸಿದ್ದರು, ಅವರಿಗೆ ಚಹಾ ತಂದುಕೊಟ್ಟವಳು ನಾನೇ.

"ಇದಕ್ಕೆ ಸೇರೇ ಮೊದಲು!" ಅಂದೆ.

"ಅದಕ್ಕೆ ಅಪ್ಪ ಸಹಿ ಹಾಕಲ್ಲ. ಬಿಡೋದಕ್ಕೆ ಬೇಕಾದ್ರೆ ಹಾಕ್ತಾರೆ."

"ಕೇಳಿ ನೋಡಿದ್ಯಾ?"

"ಅವರು ನಂಗೆ ಓದೋಕೆ ಮಾಡಿಕೊಟ್ಟಿರೋ ಏರ್ಪಾಟು ನೀವು ನೋಡಿಲ್ಲ, ಅದಕ್ಕೇ ಹೀಗಂತೀರ."

ಸಂಜೆ ನೋಡಿದೆ. ಬಣ್ಣದಣ್ಣ ತನ್ನ ಬಣ್ಣದ ಡಬ್ಬಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ, ದಾಸ್ತಾನು ಕೋಣೆಯನ್ನು ಮಗಳ ಓದಿಗೆ ಬಿಟ್ಟುಕೊಟ್ಟಿದ್ದ. ಗೋಡೆಗೆ ಮೂರು ಹಲಗೆ. ಒಂದೊಂದರ ಮೇಲೂ ಒಂದೊಂದು ಬಣ್ಣದ ಬಟ್ಟೆಯಲ್ಲಿ ಕಟ್ಟಿದ ಗಂಟು. ಕೆಂಪು ಗಂಟಿನಲ್ಲಿ ಕೆಮಿಸ್ಟ್ರಿ, ಹಸಿರಿನಲ್ಲಿ ಬಯಾಲಜಿ, ನೀಲಿಯಲ್ಲಿ ಗಣಿತ. ವಾರಕ್ಕೆ ಒಂದೇ ಗಂಟು ಬಿಚ್ಚಬೇಕು. ಬೇರೆ ಎರಡು ಆ ವಾರ ಮೇಜಿನ ಹತ್ತಿರ ಸುಳಿಯುವ ಹಾಗಿಲ್ಲ.

"ಹೇಗಿದೆ ಅಕ್ಕ?" ಎಂದು ಹೆಮ್ಮೆಯಿಂದ ಕೇಳಿದ.

"ಯಾರು ಹೇಳಿಕೊಟ್ರು ಅಣ್ಣ ಈ ವಿದ್ಯೆ?"

"ನನ್ನ ತೊಟ್ಟಿ ಹೇಳಿಕೊಡ್ತು. ಮೂವತ್ತು ವರ್ಷದಿಂದ ನಮ್ಮ ಕೆಲಸದಲ್ಲಿ ಒಂದೇ ಕಟ್ಟಳೆ. ಒಂದು ತೊಟ್ಟಿಗೆ ಒಂದೇ ಕೋಲು. ಕೆಂಪು ತೊಟ್ಟಿ ಕೋಲು ನೀಲಿಗೆ ಇಳಿದ್ರೆ ಎರಡೂ ಕೆಟ್ಟು ಮಣ್ಣುಬಣ್ಣ ಆಗುತ್ತೆ. ಓದೂ ಅಷ್ಟೇ. ಎಲ್ಲ ಕಲಸಿಬಿಟ್ರೆ ತಲೆ ಕೆಡುತ್ತೆ."

ಬಾಗಿಲಲ್ಲಿ ನೂಲು ಸುತ್ತುತ್ತಿದ್ದ ಅತ್ತಿಗೆ ತಲೆ ಎತ್ತದೆ ಅಂದಳು, "ಊಟಾನೂ ಹಾಗೇ ಮಾಡಿ ನೋಡೋಣ. ಒಂದು ವಾರ ಬರೀ ಉಪ್ಪು, ಇನ್ನೊಂದು ವಾರ ಬರೀ ಖಾರ."

"ನೀನು ಸುಮ್ನಿರೇ, ಇದು ಓದಿನ ವಿಷಯ."

ನಾನು ಕೂಡು ತರಗತಿಯ ಕಾಗದ ಮುಂದಿಟ್ಟೆ. "ಅಣ್ಣ, ಇದರಲ್ಲಿ ಮೂರು ಪಾಠಾನೂ ಒಂದಕ್ಕೊಂದು ಹೊಂದಿಸಿ ಹೇಳ್ತಾರೆ. ಒಂದೇ ಗುಂಪಿನ ಮಕ್ಕಳು ಮೂರೂ ತರಗತೀಲಿ ಜೊತೆಗೆ ಕೂರ್ತಾರೆ. ಗಿಣೀನ ಸೇರಿಸಿ."

ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. "ದಡ್ಡರನ್ನೆಲ್ಲ ಆರಿಸಿ ಒಂದು ಕಡೆ ಕೂರಿಸ್ತಾರೆ, ಅಷ್ಟೇ ತಾನೇ?"

"ಯಾರು ಹಾಗಂದೋರು?"

"ಯಾರಾದ್ರೂ ಅಂತಾರೆ ನೋಡ್ತಿರಿ. ಬಣ್ಣದೋನ ಮಗಳು ದಡ್ಡರ ಗುಂಪಿಗೆ ಸೇರಿದ್ಲು ಅಂತಾರೆ. ಈಗಲೇ ಮೂರು ಪಾಠ ಬೇರೆ ಬೇರೆ ಇಟ್ಟೇ ಅರ್ಥ ಆಗ್ತಿಲ್ಲ, ಇನ್ನು ಕಲಸಿ ಕೊಟ್ರೆ ಗತಿ ಏನು?"

"ಅಣ್ಣ, ಮಗಳ ತಲೆ ತೊಟ್ಟಿ ಅಲ್ಲ."

"ಅಕ್ಕ, ನಿಮ್ಮ ಕೆಲಸ ಗಾಜು ತೊಳೆಯೋದು."

ನನಗೆ ಕೋಪ ಬರಲು ಅಷ್ಟು ಸಾಕು. ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುತ್ತೇನೆ. ಚಹಾ ಅರ್ಧ ಬಿಟ್ಟು ಎದ್ದು ಬಂದೆ. ರಾತ್ರಿ ಊಟ ಮಾಡುವಾಗಲೂ ಅವನಿಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು.

ಗುರುವಾರ ಏನು ನಡೆಯಿತೆಂದು ನನಗೆ ಮಾರನೆಯ ದಿನ ತಿಳಿಯಿತು. ಹದಿನೈದು ದಿನದಿಂದ ನಮ್ಮ ಬೀದಿಯ ನಲ್ಲಿಗೆ ಹೊಸ ಬಾವಿಯ ನೀರು ಬಿಟ್ಟಿದ್ದರು. ಆವತ್ತಿನಿಂದ ಬಣ್ಣದಣ್ಣನ ನೂಲಿಗೆ ಬಣ್ಣ ಸರಿಯಾಗಿ ಹಿಡಿಯುತ್ತಿರಲಿಲ್ಲ. ಉಣ್ಣೆಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಯ ನೀರು ಹುಳಿ ಇರಬೇಕು, ಅದಕ್ಕೆ ವಿನೆಗರ್ ಹಾಕುತ್ತಾರೆ. ಹಳೆಯ ನೀರಿಗೆ ಅಳತೆಯ ಕಪ್ಪಿನಲ್ಲಿ ತೊಟ್ಟಿಗೊಂದು ಕಪ್ಪು ವಿನೆಗರ್ ಹಾಕಿದರೆ ಸಾಕಾಗುತ್ತಿತ್ತು. ಈಗ ಹಾಗಾಗುತ್ತಿರಲಿಲ್ಲ. ಸ್ವೆಟರ್ ಕಾರ್ಖಾನೆಯವರಿಗೆ ಕೊಡಬೇಕಾದ ಕಡುಗೆಂಪು ನೂಲು ತೊಟ್ಟಿಯ ಪಕ್ಕದಲ್ಲಿ ಕಾಯುತ್ತಿತ್ತು.

"ಕೆಮಿಸ್ಟ್ರಿ ಓದ್ತೀಯಲ್ಲ ಮಗಳೆ, ನೀನೇ ಹೇಳು," ಅಂದನಂತೆ ಅಪ್ಪ.

ಅಪ್ಪ ಕೇಳಿದ್ದಕ್ಕೆ ಗಿಣಿಗೆ ಎಲ್ಲಿಲ್ಲದ ಹುರುಪು. ಓಡಿಹೋಗಿ ಪಿಎಚ್ ಕಾಗದ ತಂದಳು. ನೀರು ಎಷ್ಟು ಹುಳಿ ಅಂತ ತೋರಿಸುವ ಬಣ್ಣದ ಪಟ್ಟಿ ಅದು, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಹಳೆಯ ನೀರು ಆರು ಇತ್ತೆಂದು ಹಿಂದೊಮ್ಮೆ ಅಳೆದು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಹೊಸ ನೀರಿಗೆ ಅದ್ದಿದರೆ ಎಂಟು ತೋರಿಸಿತು. ಬೇಕಾಗಿದ್ದು ಐದು. ಅವಳು ಲೆಕ್ಕ ಹಾಕಿದಳು. ಆರರಿಂದ ಐದಕ್ಕೆ ಇಳಿಸಲು ಒಂದು ಕಪ್ಪು, ಎಂಟರಿಂದ ಐದಕ್ಕೆ ಮೂರು ಮೆಟ್ಟಿಲು, ಅಂದರೆ ಮೂರು ಕಪ್ಪು.

ಮೂರು ಕಪ್ಪು ಹಾಕಿದರು. ಬಣ್ಣ ಬೆರೆತ ಮೇಲೆ ಕಾಗದ ಅದ್ದಿ ನೋಡುವಂತಿಲ್ಲ, ಕಾಗದವೇ ಕೆಂಪಾಗಿಬಿಡುತ್ತದೆ. ಒಂದೂವರೆ ಗಂಟೆ ಕುದಿಸಿ ನೂಲನ್ನು ಮೇಲೆತ್ತಿದರೆ ಮಾಸಲು ಗುಲಾಬಿ. ಬಣ್ಣವೆಲ್ಲ ನೀರಿನಲ್ಲೇ ಉಳಿದಿತ್ತು.

ಬಣ್ಣದಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಮಗಳ ತಲೆ ಸವರಿ, "ಹೋಗ್ಲಿ ಬಿಡಮ್ಮ. ನೂಲು ಏನೋ ಮಾಡ್ಕೊಳ್ಳೋಣ. ಆದ್ರೆ ಈ ಓದು ನಿಂಗೆ ಆಗಿಬರಲ್ಲ, ಸುಮ್ನೆ ನವೆಯಬೇಡ," ಅಂದ. ಅವಳು ಒಳಗೆ ಹೋಗಿ ಬಿಡುವ ಅರ್ಜಿ ತಂದು ಕೊಟ್ಟಳು. ಅವನು ಸಹಿ ಹಾಕಿದ.

ಇದೆಲ್ಲವನ್ನೂ ಶುಕ್ರವಾರ ಬೆಳಿಗ್ಗೆ ಗಿಣಿ ನನಗೆ ಹೇಳಿದಳು. ಅಳದೆ ಹೇಳಿದಳು. ಸಹಿಯಾದ ಅರ್ಜಿ ಅವಳ ಚೀಲದಲ್ಲಿತ್ತು.

"ಆ ಅರ್ಜಿ ಇವತ್ತು ಯಾರಿಗೂ ಕೊಡಬೇಡ," ಅಂದೆ. "ನನ್ನಾಣೆ."

ಬಿಡುವಿನ ವೇಳೆಗೆ ಕೆಮಿಸ್ಟ್ರಿ ಮೇಡಂ ಹತ್ತಿರ ಹೋಗಿ ಮೂರು ಕಪ್ಪಿನ ಲೆಕ್ಕ ಹೇಳಿದೆ. ಗಣಿತದ ಮೇಷ್ಟ್ರೂ ಅಲ್ಲೇ ಇದ್ದರು. ಕೇಳುತ್ತಿದ್ದಂತೆ ಮೇಷ್ಟ್ರು ಹಣೆ ಚಚ್ಚಿಕೊಂಡರು.

"ಲಾಗರಿದಮ್ ಪಾಠದಲ್ಲಿ ಆ ಹುಡುಗಿ ಒಂದೂ ಲೆಕ್ಕ ತಪ್ಪಿರಲಿಲ್ಲ ಕಣ್ರೀ!"

"ಲಾಗ್ ಯಾವಾಗ ಹೇಳಿಕೊಟ್ರಿ?" ಮೇಡಂ ಕೇಳಿದರು.

"ಮೊದಲನೇ ತಿಂಗಳು."

"ನಾನು ಪಿಎಚ್ ಹೇಳಿದ್ದು ಮೂರನೇ ತಿಂಗಳು. ಲಾಗ್ ನಿಮಗೆಲ್ಲ ಗೊತ್ತೇ ಇದೆ ಅಂತ ಒಂದು ಮಾತಲ್ಲಿ ಮುಗಿಸಿಬಿಟ್ಟೆ."

ಇಬ್ಬರೂ ಹನ್ನೆರಡು ವರ್ಷದಿಂದ ಅಕ್ಕಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದಾರೆ. ನಡುವೆ ಇರುವುದು ಒಂದು ಗೋಡೆ. ನಾನು ಸುಮ್ಮನಿರಬಹುದಿತ್ತು, ಇರಲಿಲ್ಲ. "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ನಡುವೆ ಸಿಕ್ಕಿಕೊಂಡಿರೋದು ನಮ್ಮ ಮಕ್ಕಳು," ಅಂದೆ. ಇಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಅಂತ ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಮೇಡಂ ಅಂದರು, "ಅವಳ ತಂದೇನ ಮಧ್ಯಾಹ್ನ ಎರಡು ಗಂಟೆಗೆ ಬರೋಕೆ ಹೇಳಿ. ಆ ನಲ್ಲಿ ನೀರು, ಅವರು ಹಾಕೋ ವಿನೆಗರ್ ಎರಡನ್ನೂ ತರಲಿ. ತೊಟ್ಟೀಲಿರೋ ಬಣ್ಣದ ನೀರು ಚೆಲ್ಲೋದು ಬೇಡ."

ನಾನೇ ಹೋಗಿ ಕರೆದೆ. ಬುಧವಾರದ ಕೋಪ ನನಗೆ ಪೂರ್ತಿ ಇಳಿದಿರಲಿಲ್ಲ, ಆದರೂ ಹೋದೆ.

"ನಾನು ಕಾಲೇಜಿಗಾ? ಈ ಕೈಯಲ್ಲಾ?" ಎಂದು ಬಣ್ಣದಣ್ಣ ಎರಡೂ ಕೈ ಮುಂದೆ ಚಾಚಿದ. ಮೊಣಕೈವರೆಗೂ ಕೆಂಪು. "ಎಷ್ಟು ತಿಕ್ಕಿದ್ರೂ ಹೋಗಲ್ಲ ಅಕ್ಕ ಇದು."

"ನೂಲಿಗೆ ಹಿಡೀದಿದ್ದು ಕೈಗಾದ್ರೂ ಹಿಡೀತಲ್ಲ, ಬನ್ನಿ," ಅಂದೆ. ಅತ್ತಿಗೆ ಕಿಸಕ್ಕನೆ ನಕ್ಕು ಅವನಿಗೆ ಒಗೆದ ಅಂಗಿ ತಂದುಕೊಟ್ಟಳು.

ಲ್ಯಾಬಿನ ಬಾಗಿಲಲ್ಲಿ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮೇಡಂ ನೋಡಿದರು. ತಮ್ಮ ಬಲಗೈ ಮುಂದೆ ಚಾಚಿದರು. ಬೆರಳ ತುದಿಗಳೆಲ್ಲ ಕಪ್ಪು ಕಲೆ. "ಇದು ಸಿಲ್ವರ್ ನೈಟ್ರೇಟ್. ನಂದೂ ಹೋಗಲ್ಲ. ಬನ್ನಿ, ಕೂತ್ಕೊಳ್ಳಿ," ಅಂದರು. ಅವನು ಕೈ ಮುಂದೆ ತಂದು ಸ್ಟೂಲಿನ ಮೇಲೆ ಕೂತ.

ಗಿಣಿ ಗೋಡೆಗೊರಗಿ ನಿಂತಿದ್ದಳು. ಗಣಿತದ ಮೇಷ್ಟ್ರು ಅವಳನ್ನು ಕರೆದರು.

"ಲಾಗ್‌ನಲ್ಲಿ ಒಂದು ಮೆಟ್ಟಿಲು ಅಂದ್ರೆ ಎಷ್ಟಮ್ಮ?"

"ಹತ್ತು ಪಟ್ಟು ಸಾರ್."

"ಎರಡು ಮೆಟ್ಟಿಲು?"

"ನೂರು ಪಟ್ಟು. ಮೂರಾದ್ರೆ ಸಾವಿರ." ಥಟ್ಟನೆ ಹೇಳಿದಳು.

ಮೇಡಂ ಕೇಳಿದರು, "ಪಿಎಚ್ ಎಂಟರಿಂದ ಐದಕ್ಕೆ ಎಷ್ಟು ಮೆಟ್ಟಿಲು?"

"ಮೂರು..." ಅಂದವಳು ಅಲ್ಲೇ ನಿಂತಳು. ಒಮ್ಮೆ ಮೇಷ್ಟರನ್ನು ನೋಡಿದಳು, ಒಮ್ಮೆ ಮೇಡಂ ಅವರನ್ನು ನೋಡಿದಳು. "ಪಿಎಚ್ ಅನ್ನೋದೂ ಲಾಗೇನಾ ಮೇಡಂ?"

"ಹೌದಮ್ಮ. ಅದೇ ಲಾಗ್."

"ಅಂದ್ರೆ ಎಲ್ಲ ಮೆಟ್ಟಿಲೂ ಒಂದೇ ಎತ್ತರ ಅಲ್ಲ! ನಾನು ಸಮ ಅಂದ್ಕೊಂಡು ಕಪ್ಪು ಎಣಿಸಿದೆ! ಎಂಟಕ್ಕೂ ಐದಕ್ಕೂ ಸಾವಿರ ಪಟ್ಟು ವ್ಯತ್ಯಾಸ!"

ಬಣ್ಣದಣ್ಣ ಗಾಬರಿಯಾದ. "ಸಾವಿರ ಕಪ್ಪು ಹಾಕಬೇಕಾ?"

"ಅಯ್ಯೋ, ಬೇಡ ಬೇಡ!" ಮೇಡಂ ನಕ್ಕರು. "ಹುಳಿ ಸಾವಿರ ಪಟ್ಟು ಅಂದ ಮಾತ್ರಕ್ಕೆ ಕಪ್ಪು ಸಾವಿರ ಅಲ್ಲ. ಆದ್ರೆ ಕಪ್ಪು ಮೂರೂ ಅಲ್ಲ. ನಿಮ್ಮ ಹೊಸ ಬಾವಿ ನೀರಲ್ಲಿ ಸುಣ್ಣದಂಥದ್ದು ಕರಗಿದೆ. ಹಾಕಿದ ವಿನೆಗರನ್ನ ಮೊದಲು ಅದೇ ನುಂಗುತ್ತೆ. ಎಷ್ಟು ನುಂಗುತ್ತೆ ಅಂತ ಅಳೆದು ನೋಡೋಣ. ಲ್ಯಾಬಕ್ಕ, ಬ್ಯೂರೆಟ್ ಕೊಡಿ."

ಬ್ಯೂರೆಟ್ ಅಂದರೆ ಗೆರೆ ಹಾಕಿದ ಉದ್ದನೆಯ ಗಾಜಿನ ನಳಿಕೆ, ಕೆಳಗೆ ತಿರುಪು. ನನ್ನ ಹತ್ತಿರ ಇರುವುದರಲ್ಲಿ ಚೆನ್ನಾಗಿರುವುದನ್ನೇ ತಂದುಕೊಟ್ಟೆ. ಒಂದು ಲೀಟರ್ ನಲ್ಲಿ ನೀರಿಗೆ ಗಿಣಿ ವಿನೆಗರ್ ತೊಟ್ಟು ತೊಟ್ಟಾಗಿ ಬಿಟ್ಟಳು. ಗಾಜಿನ ಕಡ್ಡಿಯಲ್ಲಿ ಕದಡಿ, ಕಡ್ಡಿಯ ತುದಿಯನ್ನು ಕಾಗದಕ್ಕೆ ಮುಟ್ಟಿಸಿ ನೋಡಿದಳು. ಮೂರು ಮಿಲಿಲೀಟರ್ ಹೋದಾಗ ಕಾಗದ ಇನ್ನೂ ಆರರ ಮೇಲೆಯೇ ಇತ್ತು. ಅವರು ಗುರುವಾರ ತೊಟ್ಟಿಗೆ ಹಾಕಿದ್ದು ಅಷ್ಟೇ ಪ್ರಮಾಣ. ಅಪ್ಪ ಸ್ಟೂಲಿನಿಂದ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡತೊಡಗಿದ. ಎಂಟು ಮಿಲಿಲೀಟರ್ ಆದಾಗ ಕಾಗದ ಐದಕ್ಕೆ ಬಂದಿತು.

"ತೊಟ್ಟಿ ಇನ್ನೂರು ಲೀಟರ್," ಎಂದು ಗಿಣಿ ತನಗೆ ತಾನೇ ಹೇಳಿಕೊಂಡಳು. "ಲೀಟರಿಗೆ ಎಂಟಾದ್ರೆ ಸಾವಿರದ ಆರುನೂರು. ಕಪ್ಪು ಇನ್ನೂರು ಮಿಲಿ. ಎಂಟು ಕಪ್ಪು! ಮೂರು ಹಾಕಿದ್ದೀವಿ. ಇನ್ನೂ ಐದು ಬೇಕು ಅಪ್ಪ!"

"ಬಣ್ಣ ಎಲ್ಲ ನೀರಲ್ಲೇ ಇದೆ, ನೂಲನ್ನ ಮತ್ತೆ ಇಳಿಸಿ ಐದು ಕಪ್ಪು ಹಾಕಿದ್ರೆ ಹಿಡಿಯುತ್ತಾ?" ಎಂದ ಅವನು. ಕೇಳಿದ್ದು ಮೇಡಂ ಅವರನ್ನಲ್ಲ, ಮಗಳನ್ನು.

ಗಿಣಿ ಗಾಜಿನ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ನಿಧಾನವಾಗಿ ಅಂದಳು, "ಉಣ್ಣೆ ಅಂದ್ರೆ ಪ್ರೋಟೀನ್ ಅಲ್ವಾ ಮೇಡಂ, ನಮ್ಮ ಕೂದಲಿನ ಹಾಗೆ? ಹೋದ ತಿಂಗಳು ಬಯಾಲಜೀಲಿ ಮಾಡಿದ್ರು. ಹುಳಿ ಹೆಚ್ಚಾದ್ರೆ ಪ್ರೋಟೀನ್ ಮೇಲೆ ಪ್ಲಸ್ ಚಾರ್ಜು ಬರುತ್ತೆ. ಈ ಬಣ್ಣದ ಚಾರ್ಜು ಮೈನಸ್. ಹಾಗಾದ್ರೆ ಎರಡೂ ಒಂದನ್ನೊಂದು ಹಿಡ್ಕೊಳ್ಳುತ್ತೆ. ಅದಕ್ಕೇ ವಿನೆಗರ್ ಹಾಕೋದು!"

ಇದನ್ನು ಹೀಗೆ ಜೋಡಿಸಿ ಅವಳಿಗೆ ಯಾರೂ ಹೇಳಿರಲಿಲ್ಲ. ಬಣ್ಣದಣ್ಣ ಮಗಳನ್ನೇ ನೋಡುತ್ತಾ, "ಮೂವತ್ತು ವರ್ಷದಿಂದ ಹಾಕ್ತಿದ್ದೀನಿ, ಯಾಕೆ ಹಾಕ್ತಿದ್ದೀನಿ ಅಂತ ಇವತ್ತು ಗೊತ್ತಾಯ್ತು," ಅಂದ. ನಾನು ಬೀಕರ್ ತೊಳೆಯುವ ನೆವದಲ್ಲಿ ಆ ಕಡೆ ತಿರುಗಿದೆ.

ಆಮೇಲೆ ಅವನು ಒಂದೊಂದಾಗಿ ಕೇಳಿದ.

"ಈ ಕೂಡು ತರಗತಿ ದಡ್ಡರಿಗಾ ಮೇಡಂ?"

"ಅಲ್ಲ. ಯಾರು ಬೇಕಾದ್ರೂ ಸೇರಬಹುದು. ಪರೀಕ್ಷೆ ಅದೇ, ಪ್ರಶ್ನೆಪತ್ರಿಕೆ ಅದೇ, ಸರ್ಟಿಫಿಕೇಟೂ ಅದೇ."

"ಫೀಸು?"

"ಒಂದು ಪೈಸೆ ಹೆಚ್ಚಿಲ್ಲ."

"ಮತ್ತೆ ಬೇರೆ ಏನು ಮಾಡ್ತೀರಿ?"

ಗಣಿತದ ಮೇಷ್ಟ್ರು ಹೇಳಿದರು, "ಸೋಮವಾರ ಸೋಮವಾರ ನಾವು ಮೂವರೂ ಕೂತು ಆ ವಾರದ ಪಾಠ ಹೊಂದಿಸ್ಕೋತೀವಿ. ಮೇಡಂ ಪಿಎಚ್ ಮಾಡೋ ವಾರಾನೇ ನಾನು ಲಾಗ್ ಮಾಡ್ತೀನಿ. ಅದೇ ವಾರ ಬಯಾಲಜಿಯವರು ರಕ್ತದ ಪಿಎಚ್ ಹೇಳ್ತಾರೆ. ಮೂವತ್ತು ಮಕ್ಕಳೂ ಮೂರೂ ತರಗತೀಲಿ ಜೊತೆಗಿರ್ತಾರೆ, ಒಬ್ಬರಿಗೊಬ್ಬರು ಪರಿಚಯ ಆಗುತ್ತೆ. ವಾರಕ್ಕೆ ಎರಡು ಸಂಜೆ ಒಟ್ಟಿಗೆ ಕೂತು ಲೆಕ್ಕ ಮಾಡ್ತಾರೆ, ಎರಡನೇ ವರ್ಷದೋರೊಬ್ಬರು ಜೊತೆಗೆ ಕೂರ್ತಾರೆ. ಗೊತ್ತಾಗಲಿಲ್ಲ ಅನ್ನೋಕೆ ಅಲ್ಲಿ ಯಾರೂ ನಾಚಿಕೊಳ್ಳಬೇಕಾಗಿಲ್ಲ."

"ಪೆನ್ನು ಕೊಡಿ," ಅಂದ ಬಣ್ಣದಣ್ಣ.

ಆಗ ಗಿಣಿ ಅಪ್ಪನ ಕೈ ಹಿಡಿದಳು. "ಬೇಡಪ್ಪ. ನಿನ್ನೆ ಮೂರು ಕಪ್ಪು ಅಂದಾಗಲೂ ನಂಗೆ ಇಷ್ಟೇ ಖಾತ್ರಿ ಇತ್ತು. ಐದು ಕಪ್ಪೂ ತಪ್ಪಾಗಿದ್ರೆ?"

ಅಪ್ಪ ಒಪ್ಪಿದ್ದಾಯಿತು, ಈಗ ಮಗಳಿಗೇ ತನ್ನ ಮೇಲೆ ನಂಬಿಕೆಯಿಲ್ಲ. ಮೂರು ತಿಂಗಳಲ್ಲಿ ನಾವೆಲ್ಲ ಸೇರಿ ಆ ಮಗುವನ್ನು ಅಲ್ಲಿಗೆ ತಂದು ನಿಲ್ಲಿಸಿದ್ದೆವು. ಗಿಣಿ ಸಹಿಯಾಗದ ಕೂಡು ತರಗತಿಯ ಕಾಗದವನ್ನು ಹಾಗೇ ಮಡಿಸಿ ಅಪ್ಪನ ಜೇಬಿಗೆ ಹಾಕಿದಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೊಟ್ಟಿಯ ಕೆಳಗೆ ಒಲೆ ಹೊತ್ತಿಸಿದರು. ನನಗೆ ಆ ದಿನ ಹನ್ನೊಂದಕ್ಕೆ ಕೆಲಸ, ಅದಕ್ಕೇ ಮುಂಚೆ ಅವರ ಹಿತ್ತಲಿಗೆ ಹೋದೆ. ಅಪ್ಪ ಮತ್ತು ಅತ್ತಿಗೆ ನೂಲಿನ ಲಡಿಗಳನ್ನು ಮೇಲೆತ್ತಿ ಹಿಡಿದರು. ಗಿಣಿ ಒಂದು ಕಪ್ಪು ವಿನೆಗರ್ ಹಾಕಿ ಚೆನ್ನಾಗಿ ಕದಡಿದಳು. ಲಡಿ ಇಳಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಎತ್ತಿದರು, ಇನ್ನೊಂದು ಕಪ್ಪು.

"ಎಲ್ಲ ಒಟ್ಟಿಗೆ ಸುರಿದುಬಿಡಬಾರದಾ?" ಎಂದು ಕೇಳಿದೆ.

"ಬೇಡ ಅತ್ತೆ, ಕಲೆ ಕಲೆ ಆಗುತ್ತೆ," ಅಂದಳು ಗಿಣಿ.

"ಅದು ನಂಗೆ ಗೊತ್ತಿರೋ ವಿಷಯ, ಅದನ್ನ ನಾನು ಹೇಳಿಕೊಟ್ಟಿದ್ದು," ಎಂದ ಅಪ್ಪ.

ಐದನೇ ಕಪ್ಪು ಹೋದಾಗ ಹತ್ತೂಕಾಲು ದಾಟಿತ್ತು. ನಾನು ಹೊರಡಬೇಕಾಯಿತು. ಮುಂದಿನದನ್ನು ಅತ್ತಿಗೆಯ ಬಾಯಲ್ಲಿ ಕೇಳಿದ್ದೇನೆ, ಅದೂ ಹತ್ತು ಸಲ. ಗಿಣಿ ತೊಟ್ಟಿಯ ಪಕ್ಕ ಬಿಟ್ಟು ಕದಲಲಿಲ್ಲವಂತೆ. ಬಿಳಿ ಬಟ್ಟಲಲ್ಲಿ ಆಗಾಗ ನೀರು ತೆಗೆದು ಬೆಳಕಿಗೆ ಹಿಡಿಯುತ್ತಿದ್ದಳಂತೆ. ಮೊದಲು ಕಡುಗೆಂಪು, ಆಮೇಲೆ ತೆಳುಗೆಂಪು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ತೆಗೆದ ಬಟ್ಟಲಲ್ಲಿ ತಳ ಕಾಣಿಸಿತು. ಬಣ್ಣವೆಲ್ಲ ನೂಲಿಗೆ ಹೋಗಿ ನೀರು ತಿಳಿಯಾಗಿತ್ತು. ಬಣ್ಣದಣ್ಣ ಲಡಿ ಮೇಲೆತ್ತಿದ. ಕಾರ್ಖಾನೆಯವರು ಕೊಟ್ಟಿದ್ದ ಮಾದರಿಯ ಎಳೆಯನ್ನು ಪಕ್ಕಕ್ಕಿಟ್ಟು ನೋಡಿದ. ಒಂದೇ ಬಣ್ಣ.

ಅತ್ತಿಗೆ ಚಪ್ಪಾಳೆ ತಟ್ಟಿದಳು. ಗಿಣಿ ಮಾತ್ರ ಬಟ್ಟಲನ್ನು ಕೆಳಗಿಟ್ಟು, ಅಪ್ಪನ ಮುಂದೆ ಕೈ ಚಾಚಿ, "ಆ ಕಾಗದ ತೆಗಿ. ಸಹಿ ಹಾಕು," ಅಂದಳು. ಚೀಲದಲ್ಲಿದ್ದ ಇನ್ನೊಂದು ಅರ್ಜಿಯನ್ನು ಅವಳೇ ಹರಿದಳು.

ನಮ್ಮ ಆಫೀಸಿನ ಗುಮಾಸ್ತನಿಗೆ ಶನಿವಾರ ಹನ್ನೆರಡೂವರೆಗೇ ಕಿಟಕಿ ಮುಚ್ಚುವ ಚಾಳಿ. ನನಗೆ ಅದು ಗೊತ್ತಿದ್ದರಿಂದ ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿ ನಿಂತಿದ್ದೆ. "ಕೈ ತೆಗೀರಿ ಲ್ಯಾಬಕ್ಕ," ಅಂದ. "ಒಂದು ಗಂಟೆ ಅಂತ ಬರೆದಿದ್ದೀಯ, ಒಂದು ಗಂಟೆಗೆ ತೆಗೀತೀನಿ," ಅಂದೆ. ಹನ್ನೆರಡು ಮುಕ್ಕಾಲಿಗೆ ಅಪ್ಪ ಮಗಳು ಏದುಸಿರು ಬಿಡುತ್ತಾ ಬಂದರು. ಅವಸರದಲ್ಲಿ ಅವನು ಅಂಗಿ ಬದಲಾಯಿಸಿರಲಿಲ್ಲ. ಗಿಣಿಯ ಅರ್ಜಿ ಇಪ್ಪತ್ತೆಂಟನೆಯದು.

ಮುಂದಿನ ಪರೀಕ್ಷೆಯಲ್ಲಿ ಅವಳು ಮೊದಲಿಗಳಾಗಿ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ? ಕೆಮಿಸ್ಟ್ರಿಯಲ್ಲಿ ಇಪ್ಪತ್ತಾರು, ಬಯಾಲಜಿಯಲ್ಲಿ ಮೂವತ್ತೊಂದು. ಆದರೆ ತಪ್ಪಿದ್ದು ಎಲ್ಲಿ ಅಂತ ಅವಳಿಗೇ ಗೊತ್ತಿತ್ತು, ಕೇಳುವುದಕ್ಕೆ ಇಪ್ಪತ್ತೊಂಬತ್ತು ಜನ ಗೆಳೆಯರಿದ್ದರು. ಮಂಗಳವಾರ, ಗುರುವಾರ ಸಂಜೆ ಆ ಗುಂಪು ನಮ್ಮ ಲ್ಯಾಬಿನಲ್ಲೇ ಕೂರುತ್ತದೆ. ಗಲಾಟೆಯೋ ಗಲಾಟೆ. ನಾನು ಬೈಯುತ್ತೇನೆ, ಆದರೆ ಬಾಗಿಲು ಹಾಕುವುದಿಲ್ಲ.

ಈಗ ನಿಮಗೆ ಎರಡು ಮಾತು.

ನಿಮ್ಮ ಮನೆಯಲ್ಲಿ ವಿಜ್ಞಾನ ಓದುವ ಮೊದಲ ವರ್ಷದ ಮಗು ಇದೆಯೇ? ಅಂಕ ಕಡಿಮೆ ಬಂದಿತೆಂದು ಮಗುವಿನ ತಲೆಯನ್ನು ಬೈಯಬೇಡಿ. ತಲೆಯಲ್ಲಿ ಎಲ್ಲ ಇರಬಹುದು, ಒಂದಕ್ಕೊಂದು ಸೇರಿಲ್ಲದೆ ಇರಬಹುದು. ಗಣಿತದಲ್ಲಿ ಕಲಿತದ್ದು ಕೆಮಿಸ್ಟ್ರಿಯಲ್ಲಿ ಎಲ್ಲಿ ಬಂತು ಅಂತ ಮಗುವನ್ನೇ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ, ಕೇಳಿದರೆ ಸಾಕು. ಕಾಲೇಜಿನಲ್ಲಿ ಕೂಡು ತರಗತಿ ಇದೆಯೇ ವಿಚಾರಿಸಿ. ಇದ್ದರೆ ಮಗುವನ್ನು ಸೇರಿಸಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇಲ್ಲದಿದ್ದರೆ ನಾಲ್ಕು ಜನ ಪೋಷಕರು ಒಟ್ಟಿಗೆ ಹೋಗಿ ಮೇಷ್ಟರುಗಳನ್ನು ಕೇಳಿ, ನಿಮ್ಮ ನಿಮ್ಮ ಪಾಠ ಒಂದಕ್ಕೊಂದು ಹೊಂದಿಸಿಕೊಳ್ಳಿ ಅಂತ. ಒಳ್ಳೆಯ ಮೇಷ್ಟ್ರು ಬೇಸರ ಮಾಡಿಕೊಳ್ಳುವುದಿಲ್ಲ.

ಮಗು ಬಿಡುವ ಅರ್ಜಿ ತಂದರೆ ಒಂದು ದಿನ ತಡೆಯಿರಿ. ಆ ಒಂದು ದಿನ ನೀವೇ ಕಾಲೇಜಿಗೆ ಹೋಗಿ. ಕೆಲಸದ ಬಟ್ಟೆಯಲ್ಲೇ ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಯಾರ ಹತ್ತಿರ ಮಾತಾಡಬೇಕೆಂದು ಗೊತ್ತಾಗದಿದ್ದರೆ ಲ್ಯಾಬಿನ ಹಿಂದೆ ಹೋಗಿ ನೋಡಿ. ಅಲ್ಲಿ ನನ್ನಂಥವಳೊಬ್ಬಳು ಗಾಜು ತೊಳೆಯುತ್ತಿರುತ್ತಾಳೆ. ಅವಳನ್ನು ಕೇಳಿ, ಕೈ ಒರೆಸಿಕೊಂಡು ನಿಮ್ಮ ಜೊತೆ ಬರುತ್ತಾಳೆ.